ಹೊಟ್ಟೆಯ ಕಾಟ, ಮಜ್ಜಿಗೆಯ ಆಸರೆ

ಹಾಸನದಿಂದ ಶೆಟ್ಟಿಹಳ್ಳಿಗೆ ಹೊರಟವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂಡುವುದು ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಹಳೆಯ ರೋಸರಿ ಇಗರ್ಜಿಯ ಚಿತ್ರ. ಆ ಊರಿನ ಬಂಧುಗಳ ಮನೆಗೆ ಆಗಾಗ್ಗೆ ಹೋಗಿಬರುವ ನನಗಾದರೋ ಆರು ವರ್ಷಗಳ ಕಾಲ ಇದ್ದುದು ಒಂದೇ ಚಿಂತೆ: ದಾರಿಯಲ್ಲಿ ಹೊಟ್ಟೆ ಕೆಟ್ಟರೆ ಗತಿಯೇನು?

ಮೂರು ದಿನ ಭೇದಿ, ಎರಡು ದಿನ ಮಲಬದ್ಧತೆ, ನಡುವೆ ಉಬ್ಬರ, ನುಲಿತ. ಪಂಪನನ್ನು ಪಾಠ ಹೇಳುತ್ತ ನಿಂತವನು ಪದ್ಯವನ್ನು ಅರ್ಧಕ್ಕೆ ಬಿಟ್ಟು ಹೊರಗೆ ಓಡಬೇಕಾದ ಸಂದರ್ಭಗಳೂ ಉಂಟು. ತಲೆನೋವನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವ ನಾವು ಕರುಳಿನ ಮಾತೆತ್ತಲು ನಾಚುತ್ತೇವೆ. ಈ ನಾಚಿಕೆಯ ಬೆಲೆಯನ್ನು ನಮ್ಮ ಮನೆತನ ತೆತ್ತಿದೆ. ನನ್ನ ಸೋದರಮಾವನವರು ಮಲದಲ್ಲಿ ರಕ್ತ ಕಂಡರೂ ಅದನ್ನು ಮೂಲವ್ಯಾಧಿಯೆಂದು ತಾವೇ ನಿರ್ಧರಿಸಿ, ಸಂತೆಯಲ್ಲಿ ಕೊಂಡ ಚೂರ್ಣವನ್ನು ಒಂದು ವರ್ಷ ಸೇವಿಸಿದರು. ಕೊನೆಗೆ ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರು ಯಕೃತ್ತಿಗೂ ಹರಡಿತ್ತು. ಅವರು ಉಳಿಯಲಿಲ್ಲ.

ಆ ದುಃಖವೇ ನನ್ನನ್ನು ವೈದ್ಯರ ಬಳಿಗೆ ಕಳುಹಿಸಿತು. ಪರೀಕ್ಷೆಗಳಲ್ಲಿ ಹುಣ್ಣಾಗಲಿ ಗಂಟಾಗಲಿ ಕಾಣಲಿಲ್ಲ. ಕರುಳಿನ ರಚನೆ ಸರಿಯಿದ್ದು ಅದರ ನಡೆ ಮಾತ್ರ ಕೆಟ್ಟಿದೆ ಎಂದರು. ಅನಂತರವೇ ನಾನು ಆಯುರ್ವೇದ ವೈದ್ಯರನ್ನು ಕಂಡದ್ದು. ಔಷಧ ಬರೆಯುವ ಮುನ್ನ ಅವರು ಕೇಳಿದ್ದು ನಾನು ಏನನ್ನು, ಯಾವಾಗ, ಎಷ್ಟು ಅವಸರದಿಂದ ತಿನ್ನುತ್ತೇನೆ ಎಂಬುದನ್ನು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಗ್ರಹಣಿರೋಗಕ್ಕೇ ಮೀಸಲು. ಗ್ರಹಣಿಯೆಂದರೆ ಹಿಡಿದಿಡುವುದು, ಅಪಕ್ವವಾದ ಅನ್ನವನ್ನು ತಡೆದು ಪಕ್ವವಾದುದನ್ನು ಮುಂದಕ್ಕೆ ಬಿಡುವ ಅಂಗವದು. ಅದರ ಬಲ ಜಠರಾಗ್ನಿ. ಅಗ್ನಿ ಮಂದವಾದಾಗ ಮಲ ಒಮ್ಮೆ ಗಟ್ಟಿ, ಒಮ್ಮೆ ನೀರು. ಈ ರೋಗಕ್ಕೆ ಚರಕನು ಬಹುವಾಗಿ ಮೆಚ್ಚಿದ ಪಥ್ಯ ತಕ್ರ, ಅಂದರೆ ನಮ್ಮ ಮಜ್ಜಿಗೆ. ಮೊಸರನ್ನು ಕಡೆದು, ಬೆಣ್ಣೆ ತೆಗೆದು, ಚಿಟಿಕೆ ಸೈಂಧವ ಲವಣ, ಹುರಿದ ಜೀರಿಗೆಯ ಪುಡಿ, ತುಸು ಶುಂಠಿ ಬೆರೆಸಿ ಮಧ್ಯಾಹ್ನದ ಊಟದೊಡನೆ ಕುಡಿಯುವುದು. ಹಾಲು ಹೆಪ್ಪಾಗುವಾಗ ಅದರಲ್ಲಿನ ಸಕ್ಕರೆಯ ಒಂದಂಶವನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆದ್ದರಿಂದ ಹಾಲು ಒಗ್ಗದ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ.

ಎರಡನೆಯದು ಕಾಲನಿಯಮ. ಮಲಮೂತ್ರಾದಿ ವೇಗಗಳನ್ನು ತಡೆಯಬಾರದೆಂದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಎಚ್ಚರಿಸುತ್ತದೆ. ನಾನೋ ಬಸ್ಸು ತಪ್ಪೀತೆಂದು ಪ್ರತಿದಿನ ತಡೆಯುತ್ತಿದ್ದೆ! ಆಹಾರ ಜಠರಕ್ಕಿಳಿದೊಡನೆ ದೊಡ್ಡ ಕರುಳು ಚಲಿಸತೊಡಗುವುದು ದೇಹಧರ್ಮ. ಬೆಳಗಿನಲ್ಲಿ ಆ ಚಲನೆ ಪ್ರಬಲ. ಈಗ ಅರ್ಧ ಗಂಟೆ ಮುಂಚೆ ಎದ್ದು, ಬಿಸಿನೀರು ಕುಡಿದು, ತಿಂಡಿ ತಿಂದು, ಆ ಕರೆಗೆ ಕಾಯುತ್ತೇನೆ. ಬರಿಹೊಟ್ಟೆಯ ಕಾಫಿಯನ್ನು ಬಿಟ್ಟಿದ್ದೇನೆ. ರಾತ್ರಿಯ ಊಟ ಎಂಟರೊಳಗೆ. ಉಂಡ ಮೇಲೆ ನೂರು ಹೆಜ್ಜೆ ನಡಿಗೆ.

ಮೂರನೆಯದು ನಮ್ಮ ಸೀಮೆಯವರಿಗೆ ಕಠಿಣವಾದದ್ದು: ಅವರೆಕಾಳು. ಮಾಗಿಯಲ್ಲಿ ಹಿತಕಿದ ಬೇಳೆಯ ಸಾರಿಗೆ ಬೇಡವೆನ್ನುವ ಎದೆಗಾರಿಕೆ ಯಾರಿಗಿದೆ? ಆದರೆ ಕಾಳುಗಳಲ್ಲಿನ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುದುಗಿ ವಾಯುವಾಗುತ್ತವೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಆಹಾರಕ್ರಮದಲ್ಲಿಯೂ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲುಗಳನ್ನು ಕೆಲವು ವಾರ ಕಡಿಮೆ ಮಾಡಿ, ಬಳಿಕ ಒಂದೊಂದಾಗಿ ಸೇರಿಸಿ ನೋಡುತ್ತಾರೆ. ನಾನೂ ಒಂದು ಪುಸ್ತಕದಲ್ಲಿ ತಿಂದುದನ್ನೂ ಆದುದನ್ನೂ ಬರೆದಿಟ್ಟೆ. ರಾಗಿಮುದ್ದೆ, ಅನ್ನ, ಹೀರೆಕಾಯಿ, ದಾಳಿಂಬೆ ಒಗ್ಗಿದವು. ಅವರೆಗೆ ಇಂಗು ಶುಂಠಿ ಹಾಕಿದರೂ ಒಂದು ಸೌಟೇ ನನ್ನ ಮಿತಿ. ನಿಮ್ಮ ಮಿತಿ ಬೇರೆ ಇದ್ದೀತು, ಬರೆದಿಟ್ಟೇ ತಿಳಿಯಬೇಕು.

ಆದರೆ ವಾಚಕರು ಒಂದನ್ನು ಮರೆಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ತೊಡಗಿದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರು: ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಹೆಸರು ಮುದ್ರಿಸದ ಪೊಟ್ಟಣದ ಚೂರ್ಣ, ಭಸ್ಮಗಳನ್ನಂತೂ ನಂಬಬೇಡಿರಿ. ಕಲಿತ ವೈದ್ಯರು ದೂರವಿಲ್ಲ. ಹಾಸನದಲ್ಲಿಯೇ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ.

ನನ್ನ ಕಾಯಿಲೆ ಪೂರ್ಣವಾಗಿ ಹೋಯಿತೆಂದು ಹೇಳಲಾರೆ. ಪರೀಕ್ಷೆಯ ದಿನಗಳಲ್ಲಿ, ನಿದ್ದೆಗೆಟ್ಟಾಗ ಅದು ಮತ್ತೆ ತಲೆಯೆತ್ತುತ್ತದೆ. ಆದರೆ ಈಗ ಅದು ನನ್ನ ಯಜಮಾನನಲ್ಲ. ಕಳೆದ ತಿಂಗಳು ಶೆಟ್ಟಿಹಳ್ಳಿಗೆ ಹೋಗಿದ್ದೆ. ಅತ್ತೆಯವರು ಲೋಟದ ತುಂಬ ಮಜ್ಜಿಗೆ ಕೊಟ್ಟು, “ನಿನ್ನ ಮಾವನೂ ನಿನ್ನ ಹಾಗೆ ಬಾಯಿಬಿಟ್ಟು ಹೇಳಿದ್ದರೆ” ಎಂದು ಮಾತು ನಿಲ್ಲಿಸಿದರು. ಆ ಮಾತನ್ನು ಪೂರ್ತಿ ಮಾಡುವುದಕ್ಕಾಗಿಯೇ ಈ ಲೇಖನವನ್ನು ಬರೆದೆ.