ಗಡಿಯಾರದ ಜೊತೆ ಬೆಟ್ಟದ ಓಟ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಕೇಳಿಬರುವ ಮಾತು ‘ಶರ್ಯತ್ತು’. ತೇರು ಎಳೆಯುವ ದಿನ ಯಾವುದು ಎಂದು ವಿಚಾರಿಸುವವರಷ್ಟೇ ಮಂದಿ ಗಾಡಿ ಶರ್ಯತ್ತು ಯಾವಾಗ ಎಂದೂ ವಿಚಾರಿಸುತ್ತಾರೆ. ಎತ್ತಿನ ಜೋಡಿಗಳ ಓಟ, ಕುದುರೆ ಗಾಡಿಯ ಓಟ, ಭಾರ ಎಳೆಯುವ ಪಂದ್ಯ, ಇವುಗಳ ಸಾಲಿಗೆ ಈಚೆಗೆ ಸೇರಿದ ಟ್ರ್ಯಾಕ್ಟರ್ ಪಂದ್ಯಗಳು, ಹೀಗೆ ಶರ್ಯತ್ತಿನ ಬಗೆಗಳು ಹಲವು.

ಇವುಗಳನ್ನು ಸ್ವಲ್ಪ ಗಮನಿಸಿದರೆ ಎರಡು ಜಾತಿಗಳಾಗಿ ವಿಂಗಡಿಸಬಹುದು. ಒಂದು, ಎದುರಾಳಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಓಡುವುದು. ಇನ್ನೊಂದು, ಒಬ್ಬೊಬ್ಬರಾಗಿ ಬಂದು ಅಳತೆಯ ಮುಂದೆ ನಿಲ್ಲುವುದು. ನೆರೆಯ ಮುಧೋಳ, ಜಮಖಂಡಿ ಕಡೆ ಹೆಸರಾದ ತೆರಬಂಡಿ ಈ ಎರಡನೆಯ ಜಾತಿಗೆ ಸೇರಿದ್ದು. ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಎತ್ತುಗಳು ಗೊತ್ತುಪಡಿಸಿದ ವೇಳೆಯಲ್ಲಿ ಎಷ್ಟು ದೂರ ಜಗ್ಗಿದವು ಎಂಬುದೇ ಅಲ್ಲಿ ತೀರ್ಪು. ಅಲ್ಲಿ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ, ಗಡಿಯಾರವನ್ನು ಗೆದ್ದರೆ ಸಾಕು.

ಮೋಟಾರು ಕಾರುಗಳ ಜಗತ್ತಿನಲ್ಲಿಯೂ ಇಂಥದೇ ಒಂದು ಪರಂಪರೆಯಿದೆ. ಬೆಟ್ಟದ ಬುಡದಿಂದ ನೆತ್ತಿಯವರೆಗೆ ಒಂದೊಂದೇ ಕಾರನ್ನು ಬಿಟ್ಟು, ಹಿಡಿದ ಸಮಯವನ್ನು ಸೆಕೆಂಡಿನ ನೂರನೆಯ ಭಾಗದವರೆಗೆ ಲೆಕ್ಕ ಹಾಕುವ ‘ಹಿಲ್ ಕ್ಲೈಂಬ್’ ಅದರಲ್ಲಿ ಹಳೆಯದು. ಮುಚ್ಚಿದ ಟ್ರ್ಯಾಕಿನಲ್ಲಿ ಒಂದೇ ಒಂದು ಸುತ್ತನ್ನು ಸಾಧ್ಯವಾದಷ್ಟು ಬೇಗ ಮುಗಿಸುವ ‘ಟೈಮ್ ಅಟ್ಯಾಕ್’ ಅದಕ್ಕಿಂತ ಕಿರಿಯದು, ಜಪಾನಿನಲ್ಲಿ ಬೆಳೆದದ್ದು. ಅಲ್ಲಿನ ಸುಮಾರು 2 ಕಿಲೋಮೀಟರ್ ಉದ್ದದ ತ್ಸುಕುಬಾ ಟ್ರ್ಯಾಕು ಇದಕ್ಕೆ ಪ್ರಸಿದ್ಧ. ಎರಡೂ ಬಗೆಯ ಸ್ಪರ್ಧೆಗಳಲ್ಲಿ ಕ್ಲಬ್ಬುಗಳ ಮಟ್ಟದ ಹವ್ಯಾಸಿಗಳ ಅಚ್ಚುಮೆಚ್ಚಿನ ವಾಹನವೆಂದರೆ ಟರ್ಬೋ ಎಂಜಿನ್ನಿನ, ನಾಲ್ಕೂ ಗಾಲಿಗಳಿಗೆ ಬಲ ಹರಿಯುವ ಕಾರು. ಇದಕ್ಕೆ ಕಾರಣವಿಲ್ಲದಿಲ್ಲ.

ಬೆಟ್ಟವೇ ಪರೀಕ್ಷಕ

ಮೋಟಾರು ಕಾರು ಹುಟ್ಟಿದ ಹೊಸದರಲ್ಲಿ ಅದು ಏರು ಹತ್ತಬಲ್ಲದೇ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. 1897ರ ಜನವರಿಯಲ್ಲಿ ಫ್ರಾನ್ಸಿನ ನೀಸ್ ನಗರದ ಬಳಿ ಲಾ ತುರ್ಬಿ ಬೆಟ್ಟದ ಏರಿನಲ್ಲಿ ನಡೆದ ಸ್ಪರ್ಧೆಯನ್ನು ಈ ಆಟದ ಆರಂಭವೆಂದು ಎಣಿಸಲಾಗುತ್ತದೆ. ಗೆದ್ದದ್ದು ಉಗಿ ಎಂಜಿನ್ನಿನ ವಾಹನ. ಓಡಿಸಿದವರು ಟೈರು ಕಂಪನಿಯಿಂದ ಹೆಸರಾದ ಆಂದ್ರೆ ಮಿಶೆಲಿನ್. ಇಂಗ್ಲೆಂಡಿನ ಶೆಲ್ಸ್‌ಲಿ ವಾಲ್ಶ್ ಎಂಬಲ್ಲಿ 1905ರಲ್ಲಿ ಶುರುವಾದ 1,000 ಗಜಗಳ ಏರಿನ ಸ್ಪರ್ಧೆ ಅದೇ ದಾರಿಯಲ್ಲಿ ಇಂದಿಗೂ ನಡೆಯುತ್ತದೆ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಸ್ಪರ್ಧೆ 1916ರದು. ಸುಮಾರು 20 ಕಿಲೋಮೀಟರ್ ದಾರಿ, 156 ತಿರುವು, ಕೊನೆಯ ಗೆರೆ ಸಮುದ್ರಮಟ್ಟದಿಂದ 4,300 ಮೀಟರ್ ಎತ್ತರದಲ್ಲಿ.

ಇಷ್ಟು ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗುತ್ತದೆ. ಎಂಜಿನ್ ಉಸಿರಾಡುವುದು ಗಾಳಿಯನ್ನೇ. ಪ್ರತಿ 1,000 ಮೀಟರ್ ಏರಿದಂತೆ ಸಾಮಾನ್ಯ ಎಂಜಿನ್ ತನ್ನ ಬಲದಲ್ಲಿ ಹತ್ತರಲ್ಲೊಂದು ಪಾಲಿನಷ್ಟನ್ನು ಕಳೆದುಕೊಳ್ಳುತ್ತದೆ. ಪೈಕ್ಸ್ ಪೀಕಿನ ನೆತ್ತಿ ಮುಟ್ಟುವ ವೇಳೆಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬಲ ಸೋರಿಹೋಗಿರುತ್ತದೆ. ಇಲ್ಲಿಯೇ ಟರ್ಬೋದ ಅಗತ್ಯ ಕಾಣುವುದು.

ಪಂಪಿನ ನೀರು, ಟರ್ಬೋದ ಗಾಳಿ

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಕಸುವು ಉಳಿದಿರುತ್ತದೆ. ಅದನ್ನು ವ್ಯರ್ಥವಾಗಿ ಬಿಡದೆ ಒಂದು ಪುಟ್ಟ ಚಕ್ರವನ್ನು ತಿರುಗಿಸಲು ಬಳಸಿದರೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಬಲ ಪಡೆಯಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕಬ್ಬಿನ ಟ್ರೇಲರುಗಳನ್ನು ಎಳೆಯುವ ದೊಡ್ಡ ಟ್ರ್ಯಾಕ್ಟರುಗಳಲ್ಲಿಯೂ, ಲಾರಿಗಳಲ್ಲಿಯೂ ಇದೇ ಸಾಧನವಿರುವುದರಿಂದ ಈ ಭಾಗದ ಮೆಕ್ಯಾನಿಕರಿಗೆ ಟರ್ಬೋ ಅಪರಿಚಿತವೇನಲ್ಲ.

ಆದರೆ ಇದಕ್ಕೊಂದು ದೋಷವುಂಟು. ಹೊಲದ ಪಂಪಿನ ಗುಂಡಿ ಒತ್ತಿದ ತಕ್ಷಣ ಪೈಪಿನ ತುದಿಯಲ್ಲಿ ನೀರು ಬೀಳುವುದಿಲ್ಲ. ಸ್ವಲ್ಪ ಹೊತ್ತು ಕಾಯಬೇಕು. ಚಾಲಕ ಆಕ್ಸಿಲರೇಟರ್ ತುಳಿದಾಗಲೂ ಹೊಗೆ ಹೆಚ್ಚಿ, ಚಕ್ರ ವೇಗ ಪಡೆದು, ಗಾಳಿ ಒತ್ತಿ, ಬಲ ಗಾಲಿಗೆ ಮುಟ್ಟುವಷ್ಟರಲ್ಲಿ ಕ್ಷಣಗಳು ಕಳೆದಿರುತ್ತವೆ. ಬೆಟ್ಟದ ತಿರುವಿನಲ್ಲಿ ಈ ಕ್ಷಣವೇ ಸೋಲು ಗೆಲುವಿನ ಅಂತರ. ಅದಕ್ಕೇ ನುರಿತ ಚಾಲಕರು ತಿರುವು ಮುಗಿಯುವ ಮೊದಲೇ, ಕಾರು ಇನ್ನೂ ವಾಲಿಕೊಂಡಿರುವಾಗಲೇ ಆಕ್ಸಿಲರೇಟರ್ ತುಳಿಯಲು ಆರಂಭಿಸುತ್ತಾರೆ. ಬೇಗ ತುಳಿದರೆ ಅಪಾಯ, ತಡವಾದರೆ ಸಮಯ ನಷ್ಟ.

ಟರ್ಬೋದ ಇನ್ನೊಂದು ಶತ್ರು ಬಿಸಿ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. ಅದನ್ನು ತಣಿಸಲು ಕಾರಿನ ಮುಂಭಾಗದಲ್ಲಿ ‘ಇಂಟರ್‌ಕೂಲರ್’ ಎಂಬ ರೇಡಿಯೇಟರಿನಂಥ ಸಾಧನವಿರುತ್ತದೆ. ಟೈಮ್ ಅಟ್ಯಾಕ್ ಸ್ಪರ್ಧೆಯ ಕ್ರಮ ರೂಪುಗೊಂಡಿರುವುದೂ ಈ ಬಿಸಿಯ ಲೆಕ್ಕದ ಮೇಲೆಯೇ: ಟೈರು ಕಾಯಿಸಲು ಒಂದು ಸುತ್ತು, ಪೂರ್ಣ ವೇಗದಲ್ಲಿ ಒಂದು ಸುತ್ತು, ತಣಿಸಲು ಮತ್ತೊಂದು ನಿಧಾನದ ಸುತ್ತು. ಮೂರರಲ್ಲಿ ಲೆಕ್ಕಕ್ಕೆ ಬರುವುದು ನಡುವಿನದೊಂದೇ.

ನಾಲ್ಕೂ ಗಾಲಿಯ ದುಡಿಮೆ

ಏರಿನಲ್ಲಿ ವಾಹನದ ತೂಕ ಹಿಂದಕ್ಕೆ ಜಾರುತ್ತದೆ. ಮುಂದಿನ ಗಾಲಿಗಳಿಂದಷ್ಟೇ ನಡೆಯುವ ಕಾರಾದರೆ ಆ ಗಾಲಿಗಳ ಹಿಡಿತ ಸಡಿಲವಾಗಿ ನಿಂತಲ್ಲೇ ತಿರುಗುತ್ತವೆ. ಹಿಂದಿನ ಗಾಲಿಗಳಿಂದಷ್ಟೇ ನಡೆಯುವುದಾದರೆ ಎಂಜಿನ್ನಿನ ಎಲ್ಲ ಬಲವನ್ನೂ ಎರಡೇ ಟೈರು ತಾಳಬೇಕು. ನಾಲ್ಕಕ್ಕೂ ಹಂಚಿದರೆ ಕಾರಿನ ಪೂರ್ತಿ ತೂಕ ಹಿಡಿತಕ್ಕೆ ಒದಗುತ್ತದೆ. ಹಸಿಯಾದ ಎರೆ ಹೊಲದಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರನ್ನು ‘ಫೋರ್ ವ್ಹೀಲ್’ ಹಾಕಿ ಹೊರತೆಗೆದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಟ್ರ್ಯಾಕ್ಟರಿಗೂ ಈ ಕಾರಿಗೂ ಏನು ವ್ಯತ್ಯಾಸ? ತಿರುವಿನಲ್ಲಿ ಒಂದೊಂದು ಗಾಲಿಯೂ ಒಂದೊಂದು ಅಳತೆಯ ದಾರಿ ಸವೆಸುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ನೇರವಾಗಿ ಬಿಗಿದಿಟ್ಟರೆ ಮೆತ್ತನೆಯ ಮಣ್ಣಿನಲ್ಲಿ ಹೇಗೋ ನಡೆಯುತ್ತದೆ. ಒಣ ಡಾಂಬರಿನ ಮೇಲೆ ಒಂದನ್ನೊಂದು ಜಗ್ಗಾಡುತ್ತವೆ. ಅದಕ್ಕೇ ಟ್ರ್ಯಾಕ್ಟರು ರಸ್ತೆಗೆ ಬಂದಾಗ ಫೋರ್ ವ್ಹೀಲ್ ತೆಗೆಯುವುದು ವಾಡಿಕೆ. ಸ್ಪರ್ಧೆಯ ಕಾರಿನಲ್ಲಿ ಮುಂದು ಹಿಂದುಗಳ ನಡುವೆಯೂ ಒಂದು ‘ಡಿಫರೆನ್ಷಿಯಲ್’ ಇದ್ದು, ಬಲವನ್ನು ಹಂಚುತ್ತಲೇ ಗಾಲಿಗಳಿಗೆ ಬೇಕಾದಷ್ಟು ಸ್ವಾತಂತ್ರ್ಯವನ್ನೂ ಕೊಡುತ್ತದೆ.

ಟರ್ಬೋ ಮತ್ತು ನಾಲ್ಕು ಗಾಲಿಯ ಬಲ ಎರಡನ್ನೂ ಕೂಡಿಸಿ ರ್‍ಯಾಲಿ ಜಗತ್ತನ್ನೇ ಬದಲಿಸಿದ ಕಾರು 1980ರಲ್ಲಿ ಬಂದ ಜರ್ಮನಿಯ ಆಡಿ ಕ್ವಾಟ್ರೋ. 1981ರಲ್ಲಿ ಫ್ರಾನ್ಸಿನ ಮಿಶೆಲ್ ಮೂತೋ ಈ ಕಾರಿನಲ್ಲಿ ಇಟಲಿಯ ಸಾನ್ ರೆಮೋ ರ್‍ಯಾಲಿ ಗೆದ್ದು, ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು ಗೆದ್ದ ಮೊದಲ ಮಹಿಳೆಯಾದರು. 1985ರಲ್ಲಿ ಪೈಕ್ಸ್ ಪೀಕನ್ನು 11 ನಿಮಿಷ 25.39 ಸೆಕೆಂಡುಗಳಲ್ಲಿ ಹತ್ತಿ ದಾಖಲೆ ಬರೆದವರೂ ಅವರೇ.

1986ರ ಪಾಠ

ವೇಗ ಹೆಚ್ಚಿದಷ್ಟು ಬೇಗ ವಿವೇಕ ಹೆಚ್ಚಲಿಲ್ಲ. ಆ ಕಾಲದ ‘ಗ್ರೂಪ್ ಬಿ’ ಕಾರುಗಳಿಗೆ ಬಲದ ಮಿತಿಯೇ ಇಲ್ಲವೆಂಬಂತಿತ್ತು. ಪ್ರೇಕ್ಷಕರಾದರೋ ರಸ್ತೆಯ ಮೇಲೆಯೇ ನಿಂತು, ಕಾರು ಮೈಮೇಲೆ ಬಂದಾಗ ಸರಿಯುವುದನ್ನೇ ಶೌರ್ಯವೆಂದುಕೊಂಡಿದ್ದರು. 1986ರ ಮಾರ್ಚಿನಲ್ಲಿ ಪೋರ್ಚುಗಲ್ ರ್‍ಯಾಲಿಯಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಂದಕಕ್ಕೆ ಬಿದ್ದ ಕಾರಿನಲ್ಲಿ ಸುಟ್ಟುಹೋದರು. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಗಿಯಿತು.

ಮುಂದೆ ಬಂದ ನಿಯಮ, ಜನಸಾಮಾನ್ಯರಿಗೆ ಸಾವಿರಾರು ಸಂಖ್ಯೆಯಲ್ಲಿ ಮಾರಿದ ಕಾರುಗಳನ್ನೇ ಸ್ಪರ್ಧೆಗೂ ಬಳಸಬೇಕು ಎಂಬುದು. ಆದ್ದರಿಂದಲೇ ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್, ಸುಬಾರು ಇಂಪ್ರೆಜಾ ಕಾರುಗಳು 1992ರಲ್ಲಿ ಅಂಗಡಿಗೆ ಬಂದವು. ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದದ್ದು ಲ್ಯಾನ್ಸರಿನಲ್ಲಿ. ಕಾಲಕ್ರಮದಲ್ಲಿ ಈ ಕಾರುಗಳು ಹಳೆಯವಾಗಿ ಹವ್ಯಾಸಿಗಳ ಕೈಗೆ ಬಂದವು. ಹಲವು ದೇಶಗಳ ಕ್ಲಬ್ಬುಗಳಲ್ಲಿ ಇಂದು ಬೆಟ್ಟ ಹತ್ತುವ ಕಾರುಗಳಲ್ಲಿ ಇವು ಸಾಮಾನ್ಯ.

ಕಾಫಿ ಸೀಮೆಯ ದಾರಿಯಲ್ಲಿ

ಕರ್ನಾಟಕಕ್ಕೂ ಈ ಆಟದ ನಂಟು ಹಳೆಯದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ 1970ರ ದಶಕದಿಂದ ಪ್ರಸಿದ್ಧ. ನಮ್ಮ ದೇಶದ ಸ್ಪರ್ಧಿಗಳು ಬಹುಕಾಲ ಎರಡು ಗಾಲಿಯ ಬಲದ ಕಾರುಗಳಿಂದಲೇ ತೃಪ್ತರಾಗಬೇಕಿತ್ತು. ನಾಲ್ಕು ಗಾಲಿಯ ಬಲ ಬೇಕೆಂದವರಿಗೆ 1985ರಲ್ಲಿ ಬಂದ ಮಾರುತಿ ಜಿಪ್ಸಿ ಇತ್ತು. ಆದರೆ ಅದಕ್ಕೆ ಟರ್ಬೋ ಇರಲಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಾಗ ನಿಜವಾದ ಟರ್ಬೋ ಫೋರ್ ವ್ಹೀಲ್ ಕಾರುಗಳ ಆರ್ಭಟವನ್ನು ನಮ್ಮ ಜನ ಹತ್ತಿರದಿಂದ ಕೇಳಿದರು. ಆ ಎರಡೂ ವರ್ಷ ಪ್ರಶಸ್ತಿ ಗೆದ್ದವರು 1.6 ಲೀಟರ್ ಟರ್ಬೋ ಸ್ಕೋಡಾ ಫಾಬಿಯಾ ಓಡಿಸಿದ ಭಾರತದ ಗೌರವ್ ಗಿಲ್. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಮೋಟಾರು ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು.

ದಾರಿ ಮುಚ್ಚುವುದೇ ಮೊದಲ ಕೆಲಸ

ಕ್ಲಬ್ಬಿನ ಹಂಗಾಮು ಎಂದರೆ ಕೆಲವು ತಿಂಗಳಲ್ಲಿ ಹರಡಿದ ಹಲವು ಸುತ್ತುಗಳು. ಎಂಜಿನ್ನಿನ ಗಾತ್ರ ಮತ್ತು ಗಾಲಿಗಳ ಬಲಕ್ಕೆ ತಕ್ಕಂತೆ ಕಾರುಗಳನ್ನು ವರ್ಗ ಮಾಡುತ್ತಾರೆ. ಟರ್ಬೋ ಇದ್ದರೆ ಎಂಜಿನ್ನಿನ ಗಾತ್ರವನ್ನು 1.4 ಅಥವಾ 1.7ರಿಂದ ಗುಣಿಸಿ ದೊಡ್ಡ ವರ್ಗಕ್ಕೆ ಸೇರಿಸುವ ರೂಢಿಯುಂಟು. ಸ್ಪರ್ಧೆಗೆ ಮುನ್ನ ತಪಾಸಣೆ ಆಗುತ್ತದೆ. ಕಾರು ಮಗುಚಿದರೂ ಚಾಲಕ ಉಳಿಯುವಂತೆ ಒಳಗೆ ಉಕ್ಕಿನ ಪಂಜರ, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಬೆಂಕಿ ಆರಿಸುವ ಸಾಧನ ಇರಲೇಬೇಕು. ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಕಾಣುವಂತೆ ಮಾರ್ಷಲ್‌ಗಳು ಬಾವುಟ ಹಿಡಿದು ನಿಲ್ಲುತ್ತಾರೆ. ಆಂಬ್ಯುಲೆನ್ಸ್ ಬಂದು ನಿಲ್ಲದೆ ಮೊದಲ ಕಾರು ಹೊರಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ ಮುಚ್ಚುವುದು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ನಡೆದ ರ್‍ಯಾಲಿಯೊಂದರ ದಾರಿಗೆ ಬೈಕೊಂದು ಬಂದು, ಸ್ಪರ್ಧೆಯ ಕಾರು ಡಿಕ್ಕಿ ಹೊಡೆದು ಒಂದೇ ಕುಟುಂಬದ ಮೂವರು ಸತ್ತರು. ಹಳ್ಳಿಯ ಮನುಷ್ಯನಿಗೆ ಅದು ರ್‍ಯಾಲಿಯ ಟ್ರ್ಯಾಕಲ್ಲ, ನಿತ್ಯ ಓಡಾಡುವ ಹಾದಿ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ. ಗೋಕಾಕ ಫಾಲ್ಸ್ ಕಡೆಯ ಗುಡ್ಡದ ತಿರುವಿನಲ್ಲೋ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಬಳಿ ಹಾಯುವ ಹೆದ್ದಾರಿಯಲ್ಲೋ ಬೈಕಿನ ಕಿವಿ ಹಿಂಡಿ ಗೆಳೆಯರಿಗೆ ಸಮಯ ತೋರಿಸಹೊರಟ ಹುಡುಗನಿಗೂ ಕ್ಲಬ್ಬಿನ ಸ್ಪರ್ಧಿಗೂ ಇರುವ ಅಂತರ ಧೈರ್ಯದ್ದಲ್ಲ. ಎದುರಿನಿಂದ ಯಾರೂ ಬರುವುದಿಲ್ಲ ಎಂಬ ಖಾತರಿ ಒಬ್ಬನಿಗಿದೆ, ಇನ್ನೊಬ್ಬನಿಗಿಲ್ಲ.

ಎತ್ತಿನ ಶರ್ಯತ್ತು ಕಂಡದ್ದೂ ಇದೇ ಬಗೆಯ ಪರೀಕ್ಷೆಯನ್ನು. 2014ರ ಮೇ 7ರಂದು ಸುಪ್ರೀಂ ಕೋರ್ಟು ಪ್ರಾಣಿ ಹಿಂಸೆಯ ಕಾರಣದಿಂದ ಜಲ್ಲಿಕಟ್ಟು, ಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಷರತ್ತುಗಳೊಡನೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು. ಕಾರಿನ ಆಟ ನೋಡುಗರ ಪ್ರಾಣಕ್ಕೆ ಬೆಲೆ ಕೊಟ್ಟು ಉಳಿಯಿತು. ಎತ್ತಿನ ಆಟ ಎತ್ತಿನ ನೋವಿಗೆ ಬೆಲೆ ಕೊಟ್ಟರಷ್ಟೇ ಉಳಿದೀತು.

2018ರಲ್ಲಿ ಪೈಕ್ಸ್ ಪೀಕನ್ನು ಮೊದಲ ಬಾರಿಗೆ ಎಂಟು ನಿಮಿಷದೊಳಗೆ ಹತ್ತಿದ ಕಾರಿಗೆ ಟರ್ಬೋ ಇರಲಿಲ್ಲ. ವಿದ್ಯುತ್ತಿನಿಂದ ಓಡುವ ಅದಕ್ಕೆ ಉಸಿರಾಡಲು ಗಾಳಿಯೇ ಬೇಕಿರಲಿಲ್ಲ. ಬಲ ಮಾತ್ರ ನಾಲ್ಕೂ ಗಾಲಿಗಳಿಗೆ ಹರಿದಿತ್ತು, ದಾರಿಯೂ ಮುಚ್ಚಿತ್ತು. ಉಗಿ ಹೋಗಿ ಪೆಟ್ರೋಲು, ಪೆಟ್ರೋಲು ಹೋಗಿ ವಿದ್ಯುತ್ತು ಬಂದರೂ ಈ ಆಟದಲ್ಲಿ ಬದಲಾಗದೆ ಉಳಿಯಬೇಕಾದದ್ದು ಆ ಮುಚ್ಚಿದ ದಾರಿಯೇ.