ಟಿಕೆಟ್ 499 ರೂಪಾಯಿ, ಬ್ಯಾಂಡ್‌ಗೆ ಸಿಗೋದೆಷ್ಟು?

ಹೋದ ಶನಿವಾರ ನಾನು, ನನ್ನ ಗೆಳೆಯ ಸರ್ಜಾಪುರದಿಂದ ಇಂದಿರಾನಗರಕ್ಕೆ ಹೊರಟಿದ್ವಿ. ಹೊಸ ಬ್ಯಾಂಡ್ ಒಂದರ ಲೈವ್ ಶೋ, ಟಿಕೆಟ್ 499. "ಹೆಸರೇ ಕೇಳಿಲ್ಲ, ಇಷ್ಟು ಯಾಕೋ? ಅವರು ನಿಂಗೆ ಪರಿಚಯ ತಾನೆ, ನನ್ನನ್ನ ಗೆಸ್ಟ್ ಲಿಸ್ಟ್‌ಗೆ ಸೇರಿಸು" ಅಂದ. ನಾನು ಬಿಕಾಂ ಓದಿದವನು. ದಾರಿಯಲ್ಲೇ ಲೆಕ್ಕ ಬಿಚ್ಚಿದೆ.

ಮೊದಲು ಈ 499. ಸಂಗೀತ ಕಾರ್ಯಕ್ರಮದ ಟಿಕೆಟ್ ಒಬ್ಬರಿಗೆ 500 ರೂಪಾಯಿವರೆಗೆ ಇದ್ರೆ ಜಿಎಸ್‌ಟಿ ಇಲ್ಲ, ದಾಟಿದ್ರೆ ಶೇ 18. ಸಣ್ಣ ಶೋಗಳಿಗೆ ಆ ಗೆರೆ ದಾಟದೇ ಇರೋದೇ ಲಾಭ.

ಇನ್ನು ಹಂಚಿಕೆ. ಕೆಲವು ಕಡೆ ಬ್ಯಾಂಡ್‌ಗೆ ಇಷ್ಟು ಅಂತ ಮೊದಲೇ ಮಾತಾಗಿರುತ್ತೆ, ಕೆಲವು ಕಡೆ ಟಿಕೆಟ್ ಹಣದಲ್ಲಿ ಪಾಲು. ಪಾಲು ಶೇ 70 ಅಂತ ಇಟ್ಕೊಳ್ಳಿ. 60 ಜನ ಟಿಕೆಟ್ ತಗೊಂಡ್ರೆ ಬ್ಯಾಂಡ್‌ಗೆ ಸುಮಾರು 21,000. ನಾಲ್ಕು ಜನ ಹಂಚಿಕೊಂಡ್ರೆ ತಲಾ 5,200 ಚಿಲ್ಲರೆ. ಅದರಲ್ಲೇ ರಿಹರ್ಸಲ್ ರೂಮಿನ ಬಾಡಿಗೆ, ಡ್ರಮ್ ಸಾಗಿಸೋ ಗಾಡಿ ಖರ್ಚು. ಆ 60ರಲ್ಲಿ 20 ಜನ ಗೆಸ್ಟ್ ಲಿಸ್ಟಲ್ಲಿ ಬಂದ್ರೆ? ತಲಾ 3,500ಕ್ಕೆ ಇಳಿಯುತ್ತೆ.

ಹಾಡೋಕೆ ಜಾಗ ಇರೋದೂ ಗ್ಯಾರಂಟಿ ಅಲ್ಲ. ಇದೇ ಇಂದಿರಾನಗರದಲ್ಲಿ ಎಷ್ಟೋ ಬ್ಯಾಂಡ್‌ಗಳಿಗೆ ವೇದಿಕೆಯಾಗಿದ್ದ ದಿ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಮುಚ್ಚಿತು. ಹೊಸಬರ ಶೋಗೆ ಜನ ದುಡ್ಡು ಕೊಟ್ಟು ಬಂದ್ರೆ ಮಾತ್ರ ಅವರನ್ನ ಇನ್ನೊಂದ್ಸಲ ಕರೀತಾರೆ.

ನಮ್ಮ ಕಡೆಯವರಿಗೆ ಇನ್ನೊಂದು ಖರ್ಚಿದೆ. ಸರ್ಜಾಪುರಕ್ಕೆ ಮೆಟ್ರೋ ಇನ್ನೂ ಬಂದಿಲ್ಲ, ರಾತ್ರಿ ವಾಪಸ್ ಬರೋ ಕ್ಯಾಬ್ ಟಿಕೆಟ್‌ಗಿಂತ ದುಬಾರಿ. ಅದಕ್ಕೇ ಒಬ್ಬರೇ ಹೋಗಬೇಡಿ, ಫ್ರೆಂಡ್‌ನ ಕರ್ಕೊಂಡು ಹೋಗಿ. ಕ್ಯಾಬ್ ಖರ್ಚು ಅರ್ಧ, ಬ್ಯಾಂಡ್‌ಗೆ ಟಿಕೆಟ್ ಎರಡು.

ನನ್ನ ಗೆಳೆಯ ಕೊನೆಗೂ ಟಿಕೆಟ್ ತಗೊಂಡ. ಕ್ಯಾಬ್ ದುಡ್ಡು ಮಾತ್ರ ಪೂರ್ತಿ ನಾನೇ ಕೊಟ್ಟೆ!