ನೆಲದ ಕೆಲಸವೂ ಮಂಡಿಯ ರಕ್ಷಣೆಯೂ

ನೆಲಕ್ಕೂ ನಮಗೂ ಇರುವ ನಂಟು ಬಹು ಹತ್ತಿರದ್ದು. ಒಲೆ ಕಟ್ಟೆಯನ್ನೇರಿದ್ದು, ಒರಳುಕಲ್ಲು ಹಿತ್ತಿಲಿನ ಮೂಲೆ ಸೇರಿದ್ದು, ಈಳಿಗೆಮಣೆಯ ಜಾಗಕ್ಕೆ ಚಾಕು ಬಂದದ್ದು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದವರು ಮೇಜಿಗೆ ಹೋದದ್ದು, ಇವೆಲ್ಲ ನನ್ನ ವಯಸ್ಸಿನವರ ಕಣ್ಣಮುಂದೆಯೇ ಆದ ಬದಲಾವಣೆಗಳು. ಇಷ್ಟೆಲ್ಲ ಮೇಲೆದ್ದರೂ ಕೆಲವು ಕೆಲಸಗಳು ಮಾತ್ರ ನೆಲವನ್ನು ಬಿಟ್ಟು ಏಳಲೊಲ್ಲವು. ನೆಲ ಒರೆಸುವುದು, ರಂಗೋಲಿ ಇಡುವುದು, ಹಿತ್ತಿಲಲ್ಲಿ ಕಳೆ ಕೀಳುವುದು, ಗಾರೆಯವರು ನೆಲ ಹಾಕುವುದು, ಗೋಡೆಯ ಬುಡಕ್ಕೆ ಬಣ್ಣ ಬಳಿಯುವುದು, ಇವುಗಳ ಭಾರವೆಲ್ಲ ಕೊನೆಗೆ ಬಂದು ಬೀಳುವುದು ಮಂಡಿಯ ಮೇಲೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹೋದ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಕೆಲಸದವರು ಹೋದ ಮೇಲೆ ನೋಡಿದರೆ ನಡುಮನೆಯ ಕೆಂಪು ನೆಲದ ತುಂಬ ಬಣ್ಣದ ಹನಿಗಳು. ರಜೆಯಿತ್ತು, ಉತ್ಸಾಹವೂ ಇತ್ತು. ಹಳೆಯ ಬ್ಲೇಡೊಂದನ್ನು ಹಿಡಿದು ಮಂಡಿಯೂರಿ ಕೆರೆಯಲಾರಂಭಿಸಿದೆ. ಮೂರನೆಯ ದಿನ ಸಂಜೆಗೆ ಬಲಮಂಡಿಯ ಮುಂದೆ ನಿಂಬೆಹಣ್ಣಿನಷ್ಟು ಊತ. ಒತ್ತಿದರೆ ಒಳಗೆ ನೀರು ಅಲುಗಿದಂತೆ ಆಗುತ್ತಿತ್ತು. ವೈದ್ಯರು ಮುಟ್ಟಿ ನೋಡಿ ಕೇಳಿದ ಮೊದಲ ಮಾತೇ ಇದು: “ಏನು ಮೇಷ್ಟ್ರೇ, ನೆಲ ಒರೆಸಿದಿರಾ?”

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಹೌಸ್‌ಮೇಡ್ಸ್ ನೀ’, ಅಂದರೆ ಮನೆಗೆಲಸದವಳ ಮಂಡಿ ಎಂದು ಬಹುಕಾಲದ ಹೆಸರಿದೆಯಂತೆ. ಜೆರೋಮ್ ಕೆ. ಜೆರೋಮ್ ಎಂಬ ಹಾಸ್ಯಗಾರನ 1889ರ ಪುಸ್ತಕವೊಂದರಲ್ಲಿ ಕಥಾನಾಯಕನು ವೈದ್ಯಗ್ರಂಥವನ್ನು ತಿರುವಿಹಾಕಿ, ಅದರಲ್ಲಿರುವ ಸಕಲ ರೋಗಗಳೂ ತನಗಿವೆಯೆಂದೂ ಇದೊಂದು ಮಾತ್ರ ಇಲ್ಲವೆಂದೂ ಕೊರಗುತ್ತಾನೆ. ಅವನಿಗೆ ದಕ್ಕದೆ ಹೋದದ್ದು ನನಗೆ ದಕ್ಕಿತು.

ಹೀಗೇಕಾಗುತ್ತದೆ? ಮಂಡಿಯಲ್ಲಿ ಮೇಲಿನಿಂದ ತೊಡೆಯ ಮೂಳೆ, ಕೆಳಗಿನಿಂದ ಕಣಕಾಲಿನ ಮೂಳೆ ಬಂದು ಕೂಡುತ್ತವೆ. ಇವುಗಳ ಮುಂದೆ ಕಾವಲುಗಾರನಂತೆ ಮಂಡಿಚಿಪ್ಪು ನಿಂತಿದೆ. ಚರ್ಮವು ಈ ಚಿಪ್ಪಿನ ಮೇಲೆ ಸರಾಗವಾಗಿ ಜಾರಲೆಂದು ನಡುವೆ ತೆಳುವಾದೊಂದು ಚೀಲವಿದೆ. ಸಾಮಾನ್ಯವಾಗಿ ಅದರಲ್ಲಿರುವುದು ಪಸೆಯಷ್ಟೇ ದ್ರವ. ಇಂಥ ಚೀಲಗಳು ಮಂಡಿಯ ಸುತ್ತ ಹತ್ತಕ್ಕೂ ಮಿಕ್ಕಿ ಇವೆ. ಗಟ್ಟಿ ನೆಲಕ್ಕೂ ಚಿಪ್ಪಿಗೂ ನಡುವೆ ಸಿಕ್ಕು ಗಂಟೆಗಟ್ಟಲೆ ಉಜ್ಜಿಸಿಕೊಂಡಾಗ ಚೀಲದ ಗೋಡೆ ಕೆರಳುತ್ತದೆ, ನೀರು ತುಂಬುತ್ತದೆ. ಎರಡು ಕೈಯೂರಿ ಮುಂದಕ್ಕೆ ಬಾಗಿ ಒರೆಸುವವರಿಗೆ ಊತ ಬರುವುದು ಚಿಪ್ಪಿನ ಮೇಲೆಯೇ. ಬೆನ್ನು ನೆಟ್ಟಗಿಟ್ಟು ಮಂಡಿಯೂರುವವರಿಗೆ ಚಿಪ್ಪಿನ ಕೆಳಗಡೆ. ಈ ಎರಡನೆಯದಕ್ಕೆ ಆ ಭಾಷೆಯವರು ಪಾದ್ರಿಯ ಮಂಡಿ ಎಂದು ಹೆಸರಿಟ್ಟಿದ್ದಾರೆ. ಭಕ್ತಿಯೂ ಕಸಬೂ ದೇಹಕ್ಕೆ ಒಂದೇ ಲೆಕ್ಕ.

ಚೀಲದ ಊತ ಹೊರಗಿನ ಮಾತಾಯಿತು. ಕೀಲಿನ ಒಳಗಿನ ತೊಂದರೆ ಬೇರೆ. ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಈ ಹೊದಿಕೆಯಲ್ಲಿ ರಕ್ತನಾಳವಿಲ್ಲ, ನೋವನ್ನು ತಿಳಿಸುವ ನರವೂ ಇಲ್ಲ. ಅದಕ್ಕೆ ಆಹಾರ ಸಿಕ್ಕುವುದು ಕೀಲಿನ ರಸದಿಂದ. ನಡೆದಾಡುವಾಗ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಸ್ಪಂಜಿನಂತೆ ರಸವನ್ನು ಹೀರಿಕೊಳ್ಳುತ್ತದೆ. ಆದಕಾರಣ ಕೀಲಿಗೆ ಚಲನೆಯೇ ಊಟ. ಒಂದೇ ಭಂಗಿಯಲ್ಲಿ ಅದುಮಿ ಹಿಡಿದರೆ ಊಟ ತಪ್ಪುತ್ತದೆ, ಸವೆಯುವಾಗ ಅಳುವುದಕ್ಕೆ ಅದಕ್ಕೆ ಬಾಯಿಯೂ ಇಲ್ಲ. ಇನ್ನು ಕುಕ್ಕರುಗಾಲಿನಲ್ಲಿ ಕುಳಿತಾಗ ಮಂಡಿ ಪೂರ್ತಿ ಮಡಿಚಿರುತ್ತದೆ. ಪಕ್ಕದ ಬಕೆಟ್ಟನ್ನೆಳೆಯಲು ಪಾದವನ್ನು ಅಲ್ಲೇ ಬಿಟ್ಟು ಮೈಯನ್ನು ಮಾತ್ರ ತಿರುಗಿಸಿದರೆ ಆ ಮೆತ್ತೆಗಳು ಎಲುಬಿನ ನಡುವೆ ಸಿಕ್ಕು ಹರಿಯುವುದುಂಟು. ಬಹಳ ಹೊತ್ತು ಕುಕ್ಕರಿಸಿದವರಿಗೆ ಕಾಲು ಜೋಮು ಹಿಡಿಯುವುದು ಮಂಡಿಯ ಹೊರಬದಿಯಲ್ಲಿ ಹಾಯುವ ನರ ಅದುಮಿಕೊಳ್ಳುವುದರಿಂದಲೂ ಆಗಬಹುದು. ಎದ್ದು ಓಡಾಡಿದ ಮೇಲೂ ಪಾದ ಮೇಲಕ್ಕೆ ಎತ್ತಲು ಬಾರದಿದ್ದರೆ ಅದು ಬರಿಯ ಜೋಮಲ್ಲ, ವೈದ್ಯರಿಗೆ ತೋರಿಸಬೇಕು.

ಸೋತವನನ್ನು ಕನ್ನಡದಲ್ಲಿ ‘ಮಂಡಿಯೂರಿದ’ ಎನ್ನುತ್ತೇವೆ. ಈ ನುಡಿಗಟ್ಟನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ನೆನಪಾಗುವವರು ಗಾರೆ ಕೆಲಸದವರು. ನಮ್ಮ ಹಳೆಯ ಮನೆಗಳ ಕೆಂಪು ನೆಲವನ್ನು ಹಾಕುವ ಬಗೆಯನ್ನು ಕಂಡವರಿಗೆ ಇದು ಗೊತ್ತು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮೇಲಿನ ಪದರವನ್ನು ಎಳೆದ ಮೇಲೆ, ಅದು ಗಟ್ಟಿಯಾಗುವುದರೊಳಗೆ ಕರಣೆಯಿಂದ ಮತ್ತೆ ಮತ್ತೆ ಒತ್ತಿ ತೀಡಿ ಹೊಳಪು ತರಬೇಕು. ಹಲಗೆಯ ಮೇಲೆ ಮಂಡಿಯೂರಿ, ಒಳಗೋಡೆಯಿಂದ ಆರಂಭಿಸಿ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಬರಬೇಕು. ನಡುವೆ ಏಳುವಂತಿಲ್ಲ, ನಾಳೆಗೆಂದು ಬಿಡುವಂತಿಲ್ಲ. ಸಿಮೆಂಟು ಯಾರಿಗೂ ಕಾಯುವುದಿಲ್ಲ. ಸಾಲದುದಕ್ಕೆ ಹಸಿ ಸಿಮೆಂಟಿನಲ್ಲಿ ಸುಡುವ ಕ್ಷಾರವಿದೆ. ನೆಂದ ಪಂಚೆಯಲ್ಲೋ ಷರಾಯಿಯಲ್ಲೋ ಅದರ ಮೇಲೆ ಮಂಡಿಯೂರಿದರೆ ಆಗ ಏನೂ ತಿಳಿಯದೆ, ಕೆಲವು ಗಂಟೆಗಳಾದ ಮೇಲೆ ಚರ್ಮ ಸುಟ್ಟಿರುವುದು ಕಾಣುತ್ತದೆ. ಗೋಣಿತಾಟು ಈ ನೀರನ್ನು ಹೀರಿಕೊಂಡು ಚರ್ಮಕ್ಕೆ ಅಂಟಿಸಿ ಇಡುವುದರಿಂದ ಇಲ್ಲಿ ಅದು ಹಿತಶತ್ರು. ನೀರಿಳಿಯದ ಹಾಸೇ ಬೇಕು, ತಗುಲಿದ ಕೂಡಲೆ ಧಾರಾಳವಾಗಿ ನೀರು ಸುರಿದು ತೊಳೆಯಬೇಕು.

ಬೇರೆ ದೇಶಗಳಲ್ಲಿ ಇದನ್ನು ಕಸಬಿನ ರೋಗವೆಂದು ಒಪ್ಪಿ ಬಹಳ ಕಾಲವಾಯಿತು. ಕುಳ್ಳು ಸುರಂಗಗಳಲ್ಲಿ ಮಂಡಿಯ ಮೇಲೆಯೇ ಕಲ್ಲಿದ್ದಲು ಅಗೆಯುತ್ತಿದ್ದ ಇಂಗ್ಲೆಂಡಿನ ಗಣಿಯಾಳುಗಳಿಗೆ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಪರಿಹಾರದ ಹಕ್ಕು ಸಿಕ್ಕಿತು. ಅಮೆರಿಕದಲ್ಲಿ ಜಮಖಾನ ಹಾಸುವವರು ಅದನ್ನು ಬಿಗಿಯಾಗಿ ಎಳೆಯಲು ಒಂದು ಉಪಕರಣವನ್ನು ಮಂಡಿಯಿಂದ ಗುದ್ದುತ್ತಿದ್ದರು. ಕೆಲಸಗಾರರ ಒಟ್ಟು ಸಂಖ್ಯೆಯಲ್ಲಿ ಅವರು ನೂರಕ್ಕೆ ಒಬ್ಬರೂ ಅಲ್ಲ. ಆದರೆ ಮಂಡಿಯ ಪೆಟ್ಟಿಗಾಗಿ ಪರಿಹಾರ ಬೇಡಿದವರಲ್ಲಿ ನೂರಕ್ಕೆ ಆರು ಮಂದಿ ಅವರೇ ಎಂದು ಅಲ್ಲಿನ ಔದ್ಯೋಗಿಕ ಸುರಕ್ಷೆಯ ಸಂಸ್ಥೆ 1990ರಲ್ಲಿ ಎಚ್ಚರಿಕೆ ಹೊರಡಿಸಿತು.

ನಮ್ಮ ಮನೆಯ ಕಥೆಗೆ ಬರುತ್ತೇನೆ. ನಾನು ಮಂಡಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಾಗ ನಮ್ಮ ಮನೆಯ ಕೆಲಸಕ್ಕೆ ಬರುವ ಹೆಂಗಸು ನಕ್ಕಳು. “ಮೇಷ್ಟ್ರೇ, ನಿಮಗೆ ಮೂರೇ ದಿನಕ್ಕೆ ಬಂತಾ?” ಎಂದು ಸೀರೆಯನ್ನು ಚೂರು ಸರಿಸಿ ತನ್ನ ಮಂಡಿ ತೋರಿಸಿದಳು. ಚರ್ಮ ಕಪ್ಪಿಟ್ಟು ದಪ್ಪಗಾಗಿತ್ತು, ಎಡಮಂಡಿಯ ಮುಂದೆ ನನ್ನದಕ್ಕಿಂತ ದೊಡ್ಡ ಊತ. ಎರಡು ವರ್ಷದಿಂದ ಇದೆಯಂತೆ. ನಮ್ಮದೂ ಸೇರಿ ದಿನಕ್ಕೆ ಐದು ಮನೆಯ ನೆಲ. ಏಕಮ್ಮ ಹೇಳಲಿಲ್ಲ ಎಂದು ನನ್ನ ಹೆಂಡತಿ ಕೇಳಿದರೆ, “ಹೇಳಿದ್ರೆ ಬೇರೆಯೋರನ್ನ ನೋಡ್ಕೊಳ್ತಾರಲ್ಲ ಅಮ್ಮ” ಎಂದಳು. ಉದ್ದ ಹಿಡಿಯ ಒರೆಸುಕೋಲು ನಮ್ಮಲ್ಲಿ ಇಲ್ಲದಿರಲಿಲ್ಲ. ಕೈಯಲ್ಲಿ ಒರೆಸಿದಷ್ಟು ಶುದ್ಧವಾಗುವುದಿಲ್ಲವೆಂದು ಬಚ್ಚಲಮನೆಯಲ್ಲಿ ಒರಗಿಸಿಟ್ಟಿದ್ದೆವು. ಹಾಗೆ ಇಡಿಸಿದವನು ನಾನೇ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೆಲಸವನ್ನು ಮೇಲಕ್ಕೆ ತರಬಹುದಾದರೆ ತರಬೇಕು. ಕೋಲಿನಿಂದ ಒರೆಸುವುದು, ಬಾಗಿಲಿಗೆ ಬಣ್ಣ ಬಳಿಯುವಾಗ ಅದನ್ನು ಕಳಚಿ ಮೇಜಿನ ಮೇಲಿಡುವುದು, ತರಕಾರಿ ಸಸಿಗಳನ್ನು ಎತ್ತರದ ಮಡಿಯಲ್ಲಿ ನೆಡುವುದು ಈ ಜಾತಿಯವು. ತರಲಾಗದಿದ್ದರೆ ಗೇಣುದ್ದದ ಮಣೆಯ ಮೇಲೆ ಕುಳಿತುಕೊಳ್ಳಬಹುದು. ಅಷ್ಟು ಎತ್ತರ ಸಿಕ್ಕರೂ ಮಂಡಿಯ ಮಡಿಕೆ ಬಹಳ ಸಡಿಲವಾಗುತ್ತದೆ. ಊರಲೇಬೇಕಾದರೆ ಎರಡೂ ಮಂಡಿಯನ್ನು ಒಟ್ಟಿಗೆ ಊರದೆ, ಒಂದು ಮಂಡಿ ನೆಲಕ್ಕೆ, ಇನ್ನೊಂದು ಪಾದ ನೆಲಕ್ಕೆ ಎಂದಿಟ್ಟುಕೊಂಡು ಆಗಾಗ ಸರದಿ ಬದಲಿಸಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು. ತಿರುಗುವಾಗ ಪಾದಸಮೇತ ತಿರುಗಬೇಕು. ಏಳುವಾಗ ಕೈಗೆ ಆಸರೆ ಇರಲಿ.

ಮಂಡಿಯ ಕೆಳಗೆ ಅಂಗುಲ ದಪ್ಪದ ಸ್ಪಂಜಿನ ಹಾಸು ಇದ್ದರೆ ಚೀಲಕ್ಕೂ ಚರ್ಮಕ್ಕೂ ಬಹಳ ನೆಮ್ಮದಿ. ಅಂಗಡಿಯಲ್ಲಿ ಸಿಕ್ಕುವ ಮಂಡಿಕವಚಗಳೂ ಒಳ್ಳೆಯವೇ. ಪಟ್ಟಿಯನ್ನು ಮಂಡಿಯ ಹಿಂದುಗಡೆ ರಕ್ತ ಕಟ್ಟುವಂತೆ ಬಿಗಿಯಬಾರದು, ಒಳಗೆ ಮರಳು ಸೇರಿದ್ದರೆ ಕೊಡವಬೇಕು. ಒಂದು ಮಾತನ್ನು ಮಾತ್ರ ಮರೆಯಬಾರದು: ಕವಚವು ಕಾಯುವುದು ಹೊರಗಿನದನ್ನು. ಒಳಗೆ ಮಡಿಚಿದ ಕೀಲಿನ ಒತ್ತಡವನ್ನು ಅದು ತಗ್ಗಿಸುವುದಿಲ್ಲ. ಕವಚ ಕಟ್ಟಿದೆನೆಂದು ದಿನವಿಡೀ ಕೂರುವವನು ಕೊಡೆ ಹಿಡಿದು ಹೊಳೆಗೆ ಇಳಿದಂತೆ. ತೊಡೆಯ ಮುಂದಿನ ಸ್ನಾಯುವಿಗೆ ಬಲ ಬಂದಷ್ಟೂ ಮಂಡಿ ತಾಳುತ್ತದೆ. ರೇಡಿಯೋ ಕೇಳುತ್ತ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸುವುದು ಇದಕ್ಕೆ ಸುಲಭವಾದ ಸಾಧನೆ.

ಊತ ಬಂದರೆ ಮೊದಲ ಮದ್ದು ಮಂಡಿಯೂರುವುದನ್ನು ನಿಲ್ಲಿಸುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ಹಿತ. ಸೂಜಿ ಚುಚ್ಚಿ ನೀರು ತೆಗೆಯುವ ಸಾಹಸವನ್ನು ಮನೆಯಲ್ಲಿ ಯಾರೂ ಮಾಡಕೂಡದು. ಊತ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಗಾಯದ ದಾರಿಯಲ್ಲಿ ಸೋಂಕು ಚೀಲಕ್ಕೆ ಇಳಿದಿದೆ ಎಂದು ಶಂಕಿಸಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮಂಡಿ ನಡುವೆ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೂ ಹಾಗೆಯೇ.

ಆಕೆಯನ್ನು ಅದೇ ವೈದ್ಯರಲ್ಲಿಗೆ ಕರೆದೊಯ್ದೆವು. ಮೂರು ವಾರ ಮಂಡಿಯೂರಕೂಡದೆಂದು ಅಪ್ಪಣೆಯಾಯಿತು. ಸಂಬಳ ಹಿಡಿಯದೆ ಬಿಡುವು ಕೊಡಲು ನಾವು ಒಪ್ಪಿದೆವು. ಉಳಿದ ನಾಲ್ಕು ಮನೆಗಳಲ್ಲಿ ಎರಡು ಮನೆಯವರು ಒಪ್ಪಿದರು. ಆ ಮೂರು ವಾರ ನಮ್ಮ ನೆಲವನ್ನು ಒರಗಿಸಿಟ್ಟಿದ್ದ ಆ ಕೋಲಿನಿಂದ ನಾನೇ ಒರೆಸಿದೆ. ಆಕೆ ಮರಳಿ ಬಂದವಳು ಈಗ ಅದರಿಂದಲೇ ಒರೆಸುತ್ತಾಳೆ. ನಾನು ಒರೆಸಿದಾಗ ಮೂಲೆಗಳು ಶುದ್ಧವಾಗಿರಲಿಲ್ಲವೆಂಬ ತಕರಾರು ಮಾತ್ರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.